ಸಿಗ್ನಲ್‌ನಲ್ಲಿ ನಿಂತ್ರೆ ಬಿಸಿಗಾಳಿ

ನಾನು ಓಡ್ಸೋದು ಕಂಪ್ನಿ ಕಾರು. ಎಲೆಕ್ಟ್ರಿಕ್. ಕೀ ನನ್ ಕೈಲಿದ್ರೆ ಕೆಲಸ ಇದೆ, ಇಲ್ಲಾಂದ್ರೆ ಇಲ್ಲ. ಹೋದ ಬೇಸಿಗೇಲಿ ಆ ಕೀ ಕೈತಪ್ಪಿ ಹೋಗೋದ್ರಲ್ಲಿತ್ತು.

ಏಸಿ ಸರಿಯಾಗಿ ಬರ್ತಿರ್ಲಿಲ್ಲ. ಪೂರ್ತಿ ಕೆಟ್ಟಿದ್ರೆ ವಾಸಿ, ಕಂಪ್ನಿಯವ್ರೇ ರಿಪೇರಿ ಮಾಡ್ಸೋರು. ಇದು ಅರೆಬರೆ. ರಿಂಗ್ ರೋಡಲ್ಲಿ ಓಡ್ತಾ ಇದ್ರೆ ತಣ್ಣಗೆ. ಮಾಗಡಿ ರೋಡ್ ಸಿಗ್ನಲಲ್ಲಿ ನಿಂತ್ರೆ ಬೆಚ್ಚಗೆ. ಫಾಸ್ಟ್ ಚಾರ್ಜಿಂಗ್ ಮಾಡಿ ಹೊರಟ್ರಂತೂ ಬಸ್ಸಿನ ಇಂಜಿನ್ ಪಕ್ಕ ಕೂತಂಗೆ. ಹಿಂದೆ ಕೂತವ್ರು ಏಸಿ ಹಾಕಿ ಅಂತಾರೆ. ಹಾಕಿದೀನಿ ಅಂದ್ರೆ ನಂಬಲ್ಲ. ಚಾರ್ಜ್ ಉಳ್ಸಕ್ಕೆ ಆಟ ಆಡ್ತಾನೆ ಅನ್ಕೋತಾರೆ. ಇಳಿದು ಕಂಪ್ಲೇಂಟ್ ಹಾಕ್ತಾರೆ.

ಕಂಪ್ನಿ ವರ್ಕ್‌ಶಾಪಿಗೆ ಹೋದೆ. ಬೆಳಗಿನ ತಂಪಲ್ಲಿ ಖಾಲಿ ರೋಡಲ್ಲಿ ಓಡಿಸ್ಕೊಂಡು ಹೋದ ಕಾರು, ಚೆನ್ನಾಗೇ ಇತ್ತು. ಏನೂ ಪ್ರಾಬ್ಲಮ್ ಇಲ್ಲ ಅಂತ ಕಳ್ಸಿದ್ರು. ಆಮೇಲೆ ಸೂಪರ್‌ವೈಸರ್ ಫೋನ್ ಮಾಡಿ, ಇನ್ನೊಂದು ಏಸಿ ಕಂಪ್ಲೇಂಟ್ ಬಂದ್ರೆ ಕೀ ಇಟ್ಟು ಹೋಗು ಅಂದ.

ಕೆಂಗೇರೀಲಿ ನನ್ ಫ್ರೆಂಡ್ ಒಬ್ಬ ಪೆಟ್ರೋಲ್ ಕಾರುಗಳ ಏಸಿ ಕೆಲಸ ಮಾಡ್ತಾನೆ. ಅವನ ಹತ್ರ ಹೋಗಿ ಗ್ಯಾಸ್ ತುಂಬು ಅಂದೆ. ಏಸಿ ಅಂದ್ರೆ ಗ್ಯಾಸ್, ನಮಗೆ ಗೊತ್ತಿರೋದು ಅಷ್ಟೇ. ಅವನು ತುಂಬಲ್ಲ ಅಂದ.

"ಇದ್ರ ಕಂಪ್ರೆಸರ್ ಕರೆಂಟಲ್ಲಿ ಓಡೋದು ಮಗಾ. ಅದರೊಳಗಿನ ಎಣ್ಣೇನೇ ಬೇರೆ. ನಮ್ ಗ್ಯಾಸ್ ತುಂಬೋ ಮಿಷಿನ್ನಲ್ಲಿರೋ ಹಳೇ ಎಣ್ಣೆ ಒಳಗೆ ಹೋದ್ರೆ ಕಾರು ಎದ್ದೇಳಲ್ಲ. ಆ ಕಿತ್ತಳೆ ವೈರಲ್ಲಿ ಬ್ಯಾಟರಿ ಕರೆಂಟ್ ಪೂರ್ತಿ ಹರಿಯುತ್ತೆ, ಅದನ್ನಂತೂ ನಾನು ಮುಟ್ಟಲ್ಲ, ನನಗಿನ್ನೂ ಮದುವೆ ಆಗ್ಬೇಕು."

ಹಾಗಾದ್ರೆ ಏನ್ ಮಾಡೋದು ಅಂದ್ರೆ ಅವನಿಗೂ ಗೊತ್ತಿಲ್ಲ. ಯಾವಾಗ ಬಿಸಿ, ಯಾವಾಗ ತಣ್ಣಗೆ ಅಂತ ಕೇಳ್ದ. ಹೇಳ್ದೆ. ಕಾರ್ ತೊಳ್ಯೋ ಪೈಪ್ ತಂದು ಮುಂದೆ ನಂಬರ್ ಪ್ಲೇಟ್ ಕೆಳಗಿರೋ ಜಾಲರಿಗೆ ನೀರು ಬಿಟ್ಟ. ನಾನು ಒಳಗೆ ಏಸಿ ಹಾಕಿ, ಗಾಳಿ ಬರೋ ಕಡೆ ಕೈ ಇಟ್ಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಗಾಳಿ ತಣ್ಣಗಾಯ್ತು. ನೀರು ನಿಲ್ಸಿದ್ರೆ ಮತ್ತೆ ಬೆಚ್ಚಗೆ.

ಅಲ್ಲಿಗೆ ಗೊತ್ತಾಯ್ತು. ಒಳಗಿನ ಬಿಸೀನ ಹೊರಗೆ ಬಿಡೋದು ಮುಂದೆ ಇರೋ ಕಂಡೆನ್ಸರ್. ಅದಕ್ಕೇ ಗಾಳಿ ಹೋಗ್ತಿಲ್ಲ. ಕಾರು ಓಡ್ತಿದ್ರೆ ಗಾಳಿ ಹೆಂಗೋ ನುಗ್ಗುತ್ತೆ, ನಿಂತ್ರೆ ಫ್ಯಾನ್ ಎಳೀಬೇಕು. ಚಾರ್ಜ್ ಆದ್ಮೇಲೆ ಬ್ಯಾಟರಿ ಬಿಸೀನೂ ಅಲ್ಲಿಂದಾನೇ ಹೋಗ್ಬೇಕು. ಈ ಕಾರು ಬ್ಯಾಟರೀನ ಮೊದಲು ತಣ್ಣಗೆ ಮಾಡುತ್ತೆ, ಮಿಕ್ಕಿದ್ರೆ ಮನುಷ್ಯರಿಗೆ.

ಕೆಳಗೆ ಸುರೀತಿದ್ದ ನೀರು ಕಂದು ಬಣ್ಣ. ಘಾಟು ವಾಸನೆ. ಅವನು ಬಗ್ಗಿ ಮೂಸಿ ನೋಡ್ದ.

"ಏನ್ ಮಗಾ, ನಿನ್ ಕಾರು ಎಲೆ ಅಡಿಕೆ ಹಾಕುತ್ತಾ?"

ಹೊಗೆಸೊಪ್ಪು. ಯಾರ ಕೆಲಸ ಅಂತ ಆಗ್ಲೇ ಗೊತ್ತಾಯ್ತು. ಬ್ಯಾಡರಹಳ್ಳೀಲಿ ನಮ್ ಮನೆ ಓನರ್ ಆಂಟಿ. ಹಳೇ ಊರಿನವ್ರು. ಹೊಲ ಎಲ್ಲ ಸೈಟ್ ಆಗೋಯ್ತು, ಹಸು ಮಾತ್ರ ಬಿಟ್ಟಿಲ್ಲ. ಹಸುವಿನ ಹುಲ್ಲಿನ ಪಕ್ಕಾನೇ ನಾನು ಕಾರ್ ನಿಲ್ಸೋದು. ಅಲ್ಲಿ ಇಲಿ ಕಾಟ. ಪಕ್ಕದ ಮನೆಯವ್ನ ಸ್ಕೂಟರ್ ವೈರ್ ಕಡಿದು ಹಾಕಿದ್ವು. ಘಾಟಿಗೆ ಇಲಿ ಬರಲ್ಲ, ಕಾರಲ್ಲಿ ಹೊಗೆಸೊಪ್ಪಿಡೋ ಅಂತ ಆಂಟಿ ಹೇಳ್ತಾನೇ ಇದ್ರು. ನಾನು ಹೂಂ ಅಂದು ಹೋಗ್ತಿದ್ದೆ.

ಮುಂದಿನ ಜಾಲರಿ ಬಿಚ್ಚಿದ್ವಿ. ಫ್ಯಾನ್ ಎಳೆದೂ ಎಳೆದೂ ಸೊಪ್ಪು ಕಂಡೆನ್ಸರಿಗೆ ಅಂಟ್ಕೊಂಡಿತ್ತು, ಮೇಲೆ ಹುಲ್ಲಿನ ಧೂಳು, ಗೋಡೆಗೆ ಬೆರಣಿ ತಟ್ಟಿದಂಗೆ. ನಿಧಾನಕ್ಕೆ ಬಿಡಿಸಿ ತೊಳೆದ್ವಿ. ಒಳಗೆ ವೈರ್ ಒಂದೂ ಕಡಿದಿರ್ಲಿಲ್ಲ. ಅದನ್ನೂ ನೋಡ್ದೆ.

ಕೆಂಗೇರಿಯಿಂದ ಬರ್ತಾ ದಾರೀಲೆಲ್ಲ ಹೆಂಗೆ ಬೈಬೇಕು ಅಂತಾನೇ ಯೋಚನೆ. ಹೋದಾಗ ಆಂಟಿ ಹಸೂಗೆ ಹುಲ್ಲು ಹಾಕ್ತಿದ್ರು. ನೀವು ಕಾರಲ್ಲಿ ಸೊಪ್ಪು ಇಟ್ಟಿದ್ದಕ್ಕೆ ನನ್ ಕೆಲಸ ಹೋಗ್ತಿತ್ತು ಅಂತ ನೇರ ಹೇಳ್ದೆ. ಅವ್ರು ಹುಲ್ಲು ಕೆಳಗಿಟ್ರು.

"ಇಲಿ ವೈರ್ ತಿಂದ್ರೆ ಕಂಪ್ನಿಯವ್ರು ನಿನ್ನ ಓಡಿಸ್ತಾರೆ ಅಂತ ಇಟ್ಟೆ ಕಣೋ. ನೀನಂತೂ ಇಡಲ್ಲ. ಹಳೇದು ಘಾಟು ಹೋದಂಗೆಲ್ಲ ಮುಂದಿನ ಜಾಲರಿ ಸಂದೀಲಿ ಹೊಸದು ತುರುಕ್ತಿದ್ದೆ."

ನಾನು ಕೀ ಉಳಿಸ್ಕೊಳ್ಳೋಕೆ ಒದ್ದಾಡ್ತಿದ್ದೆ, ಈಯಮ್ಮನೂ ಅದೇ ಕೀ ಉಳ್ಸಕ್ಕೆ ಆಗಾಗ ಕಾರ್ ಮುಂದೆ ಬಗ್ಗಿ ಏಳ್ತಿದ್ರು. ಇಬ್ರೂ ಒಬ್ರಿಗೊಬ್ರು ಸರಿಯಾಗಿ ಒಂದ್ ಮಾತಾಡಿದ್ರೆ ಮುಗೀತಿತ್ತು. ನಾನೇ ಎಲ್ಲಾರ್ ಮಾತಿಗೂ ಹೂಂ ಅಂದು ಹೋಗೋನು.

ಬಾನೆಟ್ ತೆಗ್ದು ತೋರಿಸ್ದೆ. ಆಂಟಿ ಇಣುಕಿ ನೋಡಿ, ಇಂಜಿನ್ನೇ ಇಲ್ವಲ್ಲೋ, ಯಾರೋ ಬಿಚ್ಕೊಂಡು ಹೋಗವ್ರೆ ಅಂದ್ರು. ಬಟ್ಟೇಲಿ ಸೊಪ್ಪು ಗಂಟು ಕಟ್ಟಿ, ಫ್ಯಾನಿಂದ ದೂರ, ಕಿತ್ತಳೆ ವೈರಿಂದಾನೂ ದೂರ, ಒಂದು ಮೂಲೇಲಿ ನೇತು ಹಾಕಿದ್ವಿ. ಕಾರ್ ಇನ್ಮೇಲೆ ಗೇಟ್ ಹತ್ರ ನಿಲ್ಸು, ಹುಲ್ಲಿನ ಹತ್ರ ಬೇಡ ಅಂದ್ರು. ಈ ಸಲ ಮಾತು ಕೇಳ್ದೆ.

ಮಾರನೇ ದಿನ ಮಟಮಟ ಮಧ್ಯಾಹ್ನ, ಚಾರ್ಜ್ ಮುಗಿಸಿ ನಂದಿನಿ ಲೇಔಟಲ್ಲಿ ಒಬ್ರನ್ನ ಹತ್ತಿಸ್ಕೊಂಡೆ. ರಾಜಾಜಿನಗರ ಸಿಗ್ನಲಲ್ಲಿ ಜಾಮ್, ಗಾಡಿ ಅಲ್ಲಾಡ್ಲಿಲ್ಲ. ನಾನು ಕನ್ನಡೀಲಿ ಹಿಂದೆ ನೋಡ್ದೆ. ಆಯಪ್ಪ ತಲೆ ವಾಲಿಸ್ಕೊಂಡು ಬಾಯಿ ಬಿಟ್ಟು ನಿದ್ದೆ ಹೊಡೀತಿದ್ದ. ಏಸಿ ಫ್ಯಾನ್ ಸದ್ದಿಗೆ ಎಚ್ಚರ ಆದೀತು ಅಂತ ಒಂದ್ ಪಾಯಿಂಟ್ ಕಮ್ಮಿ ಮಾಡ್ದೆ.