ಓನರುಗಳಿಗೂ ಟೋಕನ್

ಆ ಶನಿವಾರ ಬೆಳಿಗ್ಗೆಯೂ ಎಂದಿನ ಕೆಲಸಗಳೇ. ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ, ಉಳಿದ ಹಾಲಿಗೆ ತಟ್ಟೆ ಮುಚ್ಚಿ, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳಿಗೆ ಕ್ಲಿಪ್ ಸಿಕ್ಕಿಸಿ, ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಮೆಟ್ಟಿಲಿಳಿದೆ. ಕ್ಲಿನಿಕ್ಕಿಗೆ ಎಂಟೇ ನಿಮಿಷದ ದಾರಿ. ಅಂದು ಮಾತ್ರ ಆರ್‌ಪಿಸಿ ಲೇಔಟಿನ ಪಾರ್ಕನ್ನು ಒಂದು ಸುತ್ತು ಬಳಸಿಕೊಂಡು ಹೋದೆ. ಅದು ಕ್ಲಿನಿಕ್ಕಿನ ಕೊನೆಯ ದಿನ. ಬೇಗ ತಲುಪಲು ಮನಸ್ಸು ಬರಲಿಲ್ಲ.

ಎರಡು ಕೋಣೆಗಳ ಆ ಕ್ಲಿನಿಕ್ ಯಾವ ಡಾಕ್ಟರದೂ ಅಲ್ಲ, ನಮ್ಮದು. ಸುತ್ತಲಿನ ಮನೆಯವರೆಲ್ಲ ಷೇರು ಹಾಕಿ, ಸಹಕಾರ ಸಂಘ ಮಾಡಿಕೊಂಡು ನಡೆಸುತ್ತಿದ್ದದ್ದು. ಹಿರಿಯ ಡಾಕ್ಟರಮ್ಮ ಒಬ್ಬರು ಬೆಳಿಗ್ಗೆ ಹೊತ್ತು ಬಂದು ಕೂರುತ್ತಿದ್ದರು. ಟೋಕನ್ ಕೊಡುವುದು, ಬಂದವರ ಫೈಲ್ ಹುಡುಕುವುದು, ತೂಕ, ಬಿಪಿ ನೋಡಿ ಬರೆಯುವುದು ನನ್ನ ಪಾಲಿನ ಕೆಲಸ. ನರ್ಸಿಂಗ್ ಓದಿದವಳಲ್ಲ ನಾನು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿಸಿದ ದುಂಡು ಅಕ್ಷರವೊಂದಿತ್ತು, ಅಷ್ಟೆ. ಮದುವೆಯಾದ ಮೇಲೆ ಅದು ಹಾಲಿನ ಲೆಕ್ಕ, ದಿನಸಿ ಚೀಟಿಗಳಲ್ಲೇ ಸವೆದಿತ್ತು. ಇಲ್ಲಿ ಹನ್ನೊಂದು ವರ್ಷ ಜನ ಅದನ್ನು ನೆಚ್ಚಿಕೊಂಡರು.

ಎಲ್ಲರೂ ಷೇರುದಾರರೇ ಆದ್ದರಿಂದ ಸಾಲಿನಲ್ಲಿ ಕಾಯಲು ಯಾರಿಗೂ ಇಷ್ಟವಿಲ್ಲ. ಹೊಸಹಳ್ಳಿಯಿಂದ ನಡೆದು ಬರುತ್ತಿದ್ದ ತಾತನೊಬ್ಬರದು ದಿನಾ ಅದೇ ಜಗಳ.

“ಓನರ್‌ಗೇ ಟೋಕನ್ನೇನಮ್ಮಾ?”

“ಇಲ್ಲಿ ಕೂತಿರೋರೆಲ್ಲಾ ಓನರ್‌ಗಳೇ ತಾತ. ಹಿಂದೆ ಕೂತ್ಕೊಳ್ಳಿ.”

“ಈ ಬಿಲ್ಡಿಂಗ್ ಇರೋ ಜಾಗದಲ್ಲಿ ನಾನು ರಾಗಿ ಬೆಳೆದೋನು ಕಣಮ್ಮ!”

“ಹಾಗಿದ್ರೆ ಎರಡು ಟೋಕನ್ ತಗೊಳ್ಳಿ.”

ಬೆಂಚೆಲ್ಲಾ ನಗುತ್ತಿತ್ತು. ಆ ಬೆಂಚಿನ ಮೇಲೆ ಆಡಿಕೊಂಡ ಮಾತುಗಳನ್ನು ಫೈಲಿನ ಅಂಚಿನಲ್ಲಿ ಸಣ್ಣದಾಗಿ ಬರೆದಿಡಲು ಡಾಕ್ಟರಮ್ಮ ಹೇಳಿದ್ದರು. ‘ಮಗಳು ಊರಿಗೆ ಹೋಗಿದ್ದಾಳೆ, ರಾತ್ರಿ ಬರೀ ಬನ್ ತಿಂತಾರೆ.’ ‘ಮಾತ್ರೆ ಅರ್ಧ ಮಾಡಿ ನುಂಗ್ತಾರೆ, ಹೇಳಲ್ಲ.’ ಒಳಗೆ ಹೋದವರು ಮುಚ್ಚಿಡುವುದೆಲ್ಲ ಹೊರಗಿನ ಬೆಂಚಿಗೆ ಗೊತ್ತಿರುತ್ತಿತ್ತು.

ಡಾಕ್ಟರಮ್ಮನೇ ಮಂಡಿನೋವಿನಿಂದ ಬಾಗಿಲ ಮುಂದಿನ ಮೂರು ಮೆಟ್ಟಿಲು ಹತ್ತಲಾರದೆ ಹೋದಾಗ ಎಲ್ಲ ಸಡಿಲವಾಯಿತು. ಅವರ ನಂತರ ಬಂದ ಇಬ್ಬರು ಡಾಕ್ಟರುಗಳೂ ನಿಲ್ಲಲಿಲ್ಲ. ಕೋಣೆಗಳನ್ನು ರಕ್ತಪರೀಕ್ಷೆಯವರಿಗೆ ಬಾಡಿಗೆಗೆ ಕೊಡೋಣವೆಂದು ಸಭೆಯಲ್ಲಿ ಮಾತು ಬಂತು. “ಒಪ್ಪಿಗೆ ಇರೋರು ಕೈ ಎತ್ತಿ” ಎಂದರು. ಬೇಡ, ಇನ್ನೊಂದು ವರ್ಷ ನೋಡೋಣ ಎನ್ನಲು ನನಗೆ ಬಾಯಿಯಿತ್ತು. ಆದರೆ ಕ್ಲಾಸಿನಲ್ಲಿ ಎಲ್ಲರೊಂದಿಗೆ ಎತ್ತಿ ಅಭ್ಯಾಸವಾದ ಕೈ, ಅಂದೂ ಎಲ್ಲರೊಂದಿಗೆ ಮೇಲೆ ಹೋಯಿತು. ಅದನ್ನು ಇಳಿಸಿಬಿಟ್ಟಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಕೊನೆಯ ದಿನ ಫೈಲುಗಳನ್ನು ಅವರವರಿಗೆ ಒಪ್ಪಿಸುವುದಷ್ಟೇ ಕೆಲಸ. ಎಲ್ಲರಿಗಿಂತ ಮೊದಲು ತಾತ ಬಂದರು.

“ಟೋಕನ್ ಕೊಡಮ್ಮ.”

“ಇವತ್ತು ಟೋಕನ್ ಇಲ್ಲ ತಾತ. ಫೈಲ್ ತಗೊಂಡ್ ಹೋಗೋದು ಅಷ್ಟೇ.”

“ಇಷ್ಟು ವರ್ಷ ಕಾಯಿಸ್ಬಿಟ್ಟು, ಇವತ್ತು ಸುಮ್ನೆ ಕಳಿಸ್ತೀಯಾ? ಕೊಡಮ್ಮ.”

ಒಂದನೇ ನಂಬರಿನ ಬಿಲ್ಲೆ ಕೊಟ್ಟೆ. ಹೋಗಿ ಬೆಂಚಿನ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತು ಬಿಟ್ಟು “ಒಂದು” ಎಂದು ಕರೆದೆ. ಬಂದು ತೋಳು ಚಾಚಿದರು. ಬಿಪಿ ನೋಡಿ, ಬರೆದು, ಫೈಲ್ ಕೈಗಿಟ್ಟೆ. ಅವರು ಹಾಳೆಗಳನ್ನು ತಿರುವಿ, ಅಂಚಿನ ನನ್ನ ಬರಹದ ಮೇಲೆ ಬೆರಳಾಡಿಸಿದರು.

“ದೊಡ್ಡಾಸ್ಪತ್ರೆ ಡಾಕ್ಟ್ರು ಇದನ್ನೆಲ್ಲಾ ಓದ್ತಾರಾ?”

“ಮಾತ್ರೆ ಹೆಸರು ಓದ್ತಾರೆ ತಾತ.”

“ಹಂಗಾದ್ರೆ ಇನ್ಮೇಲೆ ನಾನೇ ಬಾಯಿ ಬಿಡ್ಬೇಕು ಅನ್ನು” ಎಂದು ಎದ್ದರು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಡಾಕ್ಟರಮ್ಮ ನನ್ನನ್ನು ತಿದ್ದಿದ್ದರು: “ಮನೆಗೆ ಬಂದೋರಿಗೆ ಹೇಳೋ ಹಾಗೆ ಇಲ್ಲಿ ‘ಹೋಗಿ ಬನ್ನಿ’ ಅನ್ಬೇಡಿ. ಕಾಯಿಲೆ ಮತ್ತೆ ಬರ್ಲಿ ಅಂದ ಹಾಗಾಗತ್ತೆ. ‘ಹುಷಾರು’ ಅನ್ನಿ, ಸಾಕು.” ಅಂದಿನಿಂದ ಒಂದು ದಿನವೂ ತಪ್ಪಿರಲಿಲ್ಲ. ಆ ಬೆಳಿಗ್ಗೆ, ತಾತ ಬಾಗಿಲು ದಾಟುವಾಗ, ತಡೆಯುವ ಮೊದಲೇ ಬಾಯಿಂದ ಬಂದುಬಿಟ್ಟಿತು: “ಹೋಗಿ ಬನ್ನಿ ತಾತ.”

ಅವರು ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದರು. “ಎಲ್ಲಿಗಮ್ಮಾ?” ಎಂದು ನಕ್ಕರು. ನಾನು ಮುಂದಿನ ಫೈಲ್ ಹುಡುಕುವವಳಂತೆ ಬೀರುವಿಗೆ ಮುಖ ಮಾಡಿಕೊಂಡೆ.

ಸಂಜೆಯ ಹೊತ್ತಿಗೆ ಬೀರು ಖಾಲಿ. ಬೆಂಚಿನ ಹಿಂದಿನ ಗೋಡೆಯಲ್ಲಿ, ಒರಗುತ್ತಿದ್ದ ತಲೆಗಳ ಎಣ್ಣೆಯ ಕಲೆ ಸಾಲಾಗಿ ಉಳಿದಿತ್ತು. ಎತ್ತರ ನೋಡಿಯೇ ಯಾವುದು ಯಾರದೆಂದು ಹೇಳಬಲ್ಲವಳಾಗಿದ್ದೆ. ಬಣ್ಣ ಹೊಡೆಯುವವರು ಸೋಮವಾರ ಬರುವವರಿದ್ದರು. ಸಂಘದ ಕಾರ್ಯದರ್ಶಿಗೆ ಬೀಗದಕೈ ಕೊಟ್ಟು ಮನೆಗೆ ಬಂದೆ.

ಎದುರುಮನೆಯವರು ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

“ಮುಗೀತೇನ್ರೀ ನಿಮ್ ಕ್ಲಿನಿಕ್ಕು?”

“ಹೂಂ, ಮುಗೀತು.”

“ಸೋಮವಾರ ಹನ್ನೊಂದು ಗಂಟೆಗೆ ನಂದೊಂದು ಪಾರ್ಸಲ್ ಬರತ್ತೆ, ಮಿಕ್ಸಿ ಜಾರ್‌ದು” ಎಂದರು, ಕಾಳಿನಿಂದ ಕಣ್ಣೆತ್ತದೆ. “ಸ್ವಲ್ಪ ತಗೊಂಡು ಇಟ್ಟಿರಿ. ಇನ್ಮೇಲೆ ನೀವು ಹೆಂಗೂ ಮನೇಲೇ ಇರ್ತೀರಲ್ಲ.”