ಗೆರೆಯ ಹಿಂದಿನ ಹುಡುಗಿ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಕರೆಯದೆ ಏನು ಮಾಡಿಯಾರು! ಹಳೆಯ ವಿಡಿಯೊ ಗೇಮುಗಳ ಚಿತ್ರಗಳನ್ನು ಹೊಸ ಪರದೆಗೆ ತಕ್ಕಂತೆ ಮರಳಿ ಬರೆಯುವುದು ಅವಳ ಕೆಲಸ. ಒಂದೊಂದು ಚುಕ್ಕಿಯನ್ನೂ ಅಂಗೈಯಗಲ ಹಿಗ್ಗಿಸಿ, ‘ಇದು ಇಲ್ಲೇಕೆ ಕೂತಿದೆ?’ ಎಂದು ಕೇಳದೆ ಮುಂದೆ ಹೋದವಳಲ್ಲ. ಎಂಟು ವರ್ಷ ಬೇರೆಯವರ ಕೈಕೆಳಗೆ ಗುಂಡಿ, ಬಾಣ ಬರೆದು ಸವೆದ ಮೇಲೆ ಒಂದಿಡೀ ಗೇಮು ಅವಳ ಪಾಲಿಗೆ ಬಂದಿತ್ತು. ಮೂಲ ಚಿತ್ರಕಾರರು ಒಪ್ಪಿ ಸಹಿ ಹಾಕಿದರೆ ನಾಳೆ ಬಿಡುಗಡೆ. ಇಲ್ಲವಾದರೆ ಗೇಮು ಮತ್ತೊಬ್ಬರ ಮೇಜಿಗೆ.

ಆ ಗೇಮಿನಲ್ಲೊಂದು ಗುಹೆ. ಗುಹೆಯ ಮುಂದೆ ಉದ್ದುದ್ದ ನೀಲಿ ಗೆರೆ, ನಡುನಡುವೆ ಖಾಲಿ. ಹಿಂದೆ ಒಬ್ಬ ಪುಟ್ಟ ಹುಡುಗಿ. ಏನಿದು? ಎರಡು ದಿನ ತಲೆ ಕೆರೆದುಕೊಂಡು, ಕೊನೆಗೆ ಕಬ್ಬಿಣದ ಸರಳು ಎಂದು ತೀರ್ಮಾನಿಸಿದಳು. ಆಮೇಲೆ ಕೇಳಬೇಕೆ! ತುಕ್ಕು, ಮೊಳೆ, ಬೀಗ, ಎಲ್ಲ ಬರೆದಳು.

ಚಿತ್ರಕಾರರ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಾಗ ಮುದುಕರು ಹೌಹಾರಿದರು.

“ಯಾರಮ್ಮಾ ಈ ಮಗೂನ ಜೈಲಿಗೆ ಹಾಕಿದ್ದು?”

“ನೀವೇ ಅಲ್ವಾ ಅಜ್ಜಾ? ನಿಮ್ಮ ಗೆರೆನೇ ನಾನು ತಿದ್ದಿದ್ದು.” ಅವಳು ಹಳೆಯ ಚಿತ್ರ ತೋರಿಸಿದಳು.

ಅವರ ಮುಖ ಅರಳಿತು. “ಆಹಾ, ನೀರು ಎಷ್ಟು ಚೆನ್ನಾಗಿ ಬೀಳ್ತಿದೆ ನೋಡು!”

ನೀರೆಲ್ಲಿ? ಅವಳಿಗೆ ಗೆರೆ ಬಿಟ್ಟು ಬೇರೇನೂ ಕಾಣಲಿಲ್ಲ. ಪಾಪ, ಅರಳುಮರುಳೇನೋ ಎಂದುಕೊಂಡಳು.

“ಕನ್ನಡಕ ತೆಗಿ. ಹಿಂದಕ್ಕೆ ಹೋಗು. ಆಗಿನ ಟಿ.ವಿ.ಲಿ ಎಲ್ಲಾ ಕಲಸಿಕೊಂಡೇ ಕಾಣ್ತಿತ್ತು. ಅದನ್ನ ನೆಚ್ಚಿಕೊಂಡೇ ನಾವು ಬರೀತಿದ್ವಿ.”

ಕನ್ನಡಕ ತೆಗೆದು ಬಾಗಿಲವರೆಗೆ ಸರಿದಳು. ಅಬ್ಬಾ! ಗೆರೆಗಳು ಒಂದರೊಳಗೊಂದು ಕರಗಿ ತೆಳು ನೀರಾಗಿದ್ದವು. ನೀರಿನಾಚೆ ಹುಡುಗಿ ನಿಂತಿದ್ದಳು. ಖುಷಿಗೆ ಮೈ ಜುಮ್ಮೆಂದಿತು. ಹಿಂದೆಯೇ ನಾಚಿಕೆಯೂ ಆಯಿತು.

“ಹಾಗಾದ್ರೆ ನಿಮ್ಮ ಗೆರೆನೇ ಉಳಿಸ್ಲಾ?”

“ಗೆರೆ ಕಟ್ಕೊಂಡು ಏನ್ಮಾಡ್ತೀಯಾ? ಆಗ ಯಂತ್ರದ ಕೈಲಿ ನೀರು ತೋರ್ಸೋಕೆ ಆಗ್ತಿರ್ಲಿಲ್ಲ, ಕಳ್ಳದಾರಿ ಹಿಡಿದೆ. ನಿನ್ನ ಯಂತ್ರಕ್ಕೇನು ಧಾಡಿ? ನೀರೇ ಬರಿ. ಮಗು ಮಾತ್ರ ಕಾಣ್ಬೇಕು.”

ಸಹಿ ಬೀಳದ ಕಾಗದವನ್ನು ಅವಳೇ ಮರಳಿ ಚೀಲಕ್ಕೆ ತುರುಕಿ ಮೇಲಧಿಕಾರಿಗೆ ಫೋನು ಮಾಡಿದಳು. “ನಾಳೆ ಆಗಲ್ಲ ಸರ್. ತಪ್ಪು ನಂದೇ.” ಬೈಗುಳದ ಸುರಿಮಳೆಯ ನಂತರ ಒಂದು ವಾರ ಸಿಕ್ಕಿತು, ಅದು ಮೀರಿದರೆ ಗೇಮು ಅವಳ ಕೈ ಬಿಟ್ಟಂತೆಯೇ.

“ವಾರ ಸಾಕು,” ಎಂದರು ಮುದುಕರು. “ಅದಕ್ಕಿಂತ ತಡ ಮಾತ್ರ ಮಾಡ್ಬೇಡ. ಮುಂದಿನ ತಿಂಗಳು ನನ್ನ ಕಣ್ಣಿನ ಪೊರೆ ತೆಗೀತಾರೆ. ಆಮೇಲೆ ಹಳೇ ಚಿತ್ರದಲ್ಲಿ ನನಗೂ ಬರೀ ಗೆರೆನೇ ಕಾಣೋದು.”