ಯಾರೂ ಕೇಳದ ಕೈ

ಬೆಳಗಿನ ಆರು ಗಂಟೆ. ಕ್ಷೌರದಂಗಡಿಯ ಪಕ್ಕದ ಗೋಡೆಗೆ ಸ್ಟೂಲ್ ಹಾಕಿಕೊಂಡು ಬೋರ್ಡಕ್ಕ ಅಂಗಡಿಯ ಹೆಸರು ಬರೆಯುತ್ತಿದ್ದಾರೆ. ಬಲಗೈಯಲ್ಲಿ ಬ್ರಷ್, ಎಡಗೈ ಬೆರಳಿಗೆಲ್ಲ ಉಣ್ಣೆಯ ಕೈಗವಸು. ಏಳೂವರೆಗೆ ಅವರು ಆಸ್ಪತ್ರೆಯ ಮಂಚದ ಮೇಲಿರಬೇಕು.

ಅವರ ಬಗ್ಗೆ ಬರೆಯಲು ಬಂದಿದ್ದ ನಾನು, ಇಳಿಯುವಾಗ ನೆರವಾಗೋಣವೆಂದು ಅವರ ಎಡ ಮಣಿಕಟ್ಟು ಹಿಡಿದೆ. ಚರ್ಮದಡಿ ಏನೋ ಗುಂಯ್‌ಗುಟ್ಟಿತು. ಥಟ್ಟನೆ ಕೈ ಬಿಟ್ಟುಬಿಟ್ಟೆ.

"ಹೆದರ್ಬೇಡಿ ಸಾರ್, ರಕ್ತ ಓಡ್ತಿರೋದು. ಅದು ನಿಂತ್ರೆ ಹೆದರ್ಬೇಕು."

ಇಪ್ಪತ್ತೆರಡು ವರ್ಷದಿಂದ ಈ ಬೀದಿಯ ಬೋರ್ಡುಗಳೆಲ್ಲ ಇವರವೇ. ಆರು ವರ್ಷದ ಹಿಂದೆ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ಪ್ರತಿಸಲ ಎರಡು ದಪ್ಪ ಸೂಜಿ. ಸೂಜಿ ಚುಚ್ಚಲು ಒಂದು ಕೈಯ ರಕ್ತನಾಳಗಳನ್ನು ಕೊಯ್ದು ಜೋಡಿಸುತ್ತಾರೆ. ಕೆಲಸದ ಕೈಯನ್ನು ಮುಟ್ಟುವುದಿಲ್ಲ, ಇನ್ನೊಂದನ್ನು ಆರಿಸುತ್ತಾರೆ.

ಎಡವಟ್ಟಾದದ್ದು ಇಲ್ಲೇ. ಬೋರ್ಡಕ್ಕ ಹುಟ್ಟಿನಿಂದ ಎಡಚಿ. ಸ್ಕೂಲಿನಲ್ಲಿ ಮೇಷ್ಟರು ಏಟು ಕೊಟ್ಟು ಪೆನ್ನನ್ನು ಬಲಗೈಗೆ ದಾಟಿಸಿದ್ದರು, ಬ್ರಷ್ ಮಾತ್ರ ಎಡಗೈಯಲ್ಲೇ ಉಳಿದಿತ್ತು. ಒಪ್ಪಿಗೆ ಪತ್ರಕ್ಕೆ ಬಲಗೈಯಲ್ಲಿ ಸಹಿ ಹಾಕಿದ್ದನ್ನು ಕಂಡ ಡಾಕ್ಟರು ಎಡಗೈ ಕೊಯ್ದರು.

ಕೇಳಿ ದಂಗಾಗಿಹೋದೆ. "ನೀವ್ಯಾಕೆ ಹೇಳ್ಲಿಲ್ಲ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಅವ್ರು ಕೇಳ್ಲಿಲ್ಲ. ಕಿಡ್ನಿ ಕಾಯಿಲೆಗೆ ಕೈ ಕೊಯ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಎಡಗೈ ಬೆರಳುಗಳು ರಕ್ತ ಸಾಲದೆ ತಣ್ಣಗಾದವು. ಹತ್ತು ನಿಮಿಷಕ್ಕೇ ಬ್ರಷ್ ಜಾರಿ ಬೀಳುತ್ತಿತ್ತು. ಮೂರು ತಿಂಗಳು ಮೂಲೆ ಹಿಡಿದರು. "ಬದುಕಿಸಿದ್ದೇ ತಪ್ಪು ಅನ್ನಿಸ್ಬಿಟ್ಟಿತ್ತು," ಎನ್ನುತ್ತಾರೆ. ಟೈಲರ್ ಆಗಿರುವ ಗಂಡ ಒಂದು ದಿನ ಡಯಾಲಿಸಿಸ್ ಮಂಚಕ್ಕೇ ರಟ್ಟು, ಪೆನ್ಸಿಲ್ ತಂದಿಟ್ಟರಂತೆ. "ನಾಲ್ಕು ಗಂಟೆ ಸುಮ್ನೆ ಬಿದ್ಕೊಂಡಿರ್ತೀಯಲ್ಲೇ. ಆ ಬಲಗೈಗೆ ಏನಾದ್ರೂ ಕಲಿಸು."

ಅವರ ಚೀಲದಲ್ಲಿದ್ದ ಆ ರಟ್ಟುಗಳ ಕಟ್ಟನ್ನು ಬಿಚ್ಚಿ ನೋಡಿದೆ. ಮೊದಲ ವರ್ಷದ ಗೆರೆಗಳು ಕೋಳಿ ಕೆದರಿದ ಹಾಗಿವೆ. ಆಮೇಲಾಮೇಲೆ ಮುಖಗಳು ಮೂಡಿವೆ, ಎಲ್ಲ ಅಕ್ಕಪಕ್ಕದ ಮಂಚದ ರೋಗಿಗಳವು. ಎಣಿಸಿದೆ, ಮೂವತ್ತೊಂದು.

"ಇವ್ರೆಲ್ಲ ಈಗ್ಲೂ ಬರ್ತಾರಾ?"

"ಒಂಬತ್ತು ಜನ ಬರ್ತಾರೆ."

ನಾನು ರಟ್ಟುಗಳನ್ನು ಮತ್ತೆ ಒಂದೊಂದಾಗಿ ನೋಡತೊಡಗಿದೆ. ಬೋರ್ಡಕ್ಕನೇ ಒಂದು ರಟ್ಟು ಎತ್ತಿ, "ಈ ಅಜ್ಜ ತೀರ್ಕೊಂಡ್ಮೇಲೆ ಮಗಳು ಬಂದು ಕೇಳಿದ್ಳು. ಬೇರೆ ಫೋಟೋನೇ ಇಲ್ವಂತೆ. ಇನ್ನೊಂದು ಬರ್ದು ಕೊಟ್ಟೆ," ಎಂದರು.

ಕಳೆದ ತಿಂಗಳು, ಇದೆಲ್ಲ ತಿಳಿದ ಅದೇ ಡಾಕ್ಟರು, "ನಂದೇ ತಪ್ಪಮ್ಮ. ನನ್ನಿಂದ ಏನಾಗ್ಬೇಕು ಹೇಳಿ," ಎಂದಾಗ ಬೋರ್ಡಕ್ಕ ಕೇಳಿದ್ದು ಅವರ ಕೋಣೆಯೊಳಗಿನ ಒಂದು ಗೋಡೆ, ಡಾಕ್ಟರ ಕುರ್ಚಿಯ ಎದುರಿನದು. ಈಗ ಅಲ್ಲಿ ಗೇಣುದ್ದದ ನೀಲಿ ಅಕ್ಷರಗಳಿವೆ: 'ಇವರ ದುಡಿಯುವ ಕೈ ಯಾವುದು? ಮೊದಲು ಕೇಳಿ.'

ಏಳಕ್ಕೆ ಅವರೊಡನೆ ಆಸ್ಪತ್ರೆಗೆ ಹೋದ ನಾನು ಅದನ್ನು ಓದುತ್ತ ನಿಂತಿದ್ದೆ. ಹಿಂದಿನಿಂದ ಬೋರ್ಡಕ್ಕನ ದನಿ ಬಂತು.

"ಬಲಗೈಲೇ ಬರ್ದಿದ್ದು ಸಾರ್. ಒಂದಕ್ಷರ ವಾಲಿದ್ರೂ ತೋರ್ಸಿ, ನೋಡೋಣ."